ಕೋಮಾದಲ್ಲಿರುವವರ ಖಾತೆಗೆ ಎರ್ನಾಕುಳಂ ದಾರಿಯೇ ಗತಿ?

ಕಾಸರಗೋಡು: ಮನೆ ಯಜಮಾನ ಅಪಘಾತವಾಗಿ ಕೋಮಾಕ್ಕೆ ಜಾರಿದರೆ, ಅವರೊಬ್ಬರ ಹೆಸರಲ್ಲೇ ಇರುವ ಖಾತೆಯಿಂದ ಆಸ್ಪತ್ರೆ ಬಿಲ್ಲಿಗೂ ಹಣ ತೆಗೆಯಲು ಹೆಂಡತಿಗೆ ಅಧಿಕಾರವಿಲ್ಲ. ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಇರುವ ವಯಸ್ಕರಿಗಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಕಲೆಕ್ಟರ್ ಇರುವ ಸ್ಥಳೀಯ ಸಮಿತಿಯೇ ಪೋಷಕರನ್ನು ನೇಮಿಸುತ್ತದೆ, ವಿದ್ಯಾನಗರಕ್ಕೆ ಹೋದರಾಯ್ತು. ಕೋಮಾ ಆ ಪಟ್ಟಿಯಲ್ಲಿಲ್ಲ.

ಕಾನೂನಿನ ಈ ಕೊರತೆ ತುಂಬಲು 2019ರಲ್ಲಿ ಕೇರಳ ಹೈಕೋರ್ಟೇ ಮಾರ್ಗಸೂಚಿ ಹೊರಡಿಸಿತು: ರಿಟ್ ಅರ್ಜಿ, ನರರೋಗ ತಜ್ಞರಿರುವ ವೈದ್ಯಕೀಯ ಮಂಡಳಿಯ ವರದಿ, ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ತನಿಖೆ, ಆರು ತಿಂಗಳಿಗೊಮ್ಮೆ ಲೆಕ್ಕ. ಆಸ್ತಿ ನುಂಗುವ ನೆಂಟರಿದ್ದಾರಲ್ಲ, ಈ ಕಡಿವಾಣ ಬೇಕೇ ಬೇಕು. ಆದರೆ ಮಂಜೇಶ್ವರದ ಬಡ ಹೆಂಗಸು ಎರ್ನಾಕುಳಂಗೆ ಎಷ್ಟು ಸಲ ಓಡಾಡಿಯಾಳು? ವಕೀಲರ ಫೀಸಿನ ಹಣವೂ ಅದೇ ಖಾತೆಯಲ್ಲಿ. ಶಾಸನ ತಂದು ನೇಮಕವನ್ನು ಜಿಲ್ಲಾ ಸಮಿತಿಗೂ, ಲೆಕ್ಕ ನೋಡುವುದನ್ನು ಜಿಲ್ಲಾ ಕೋರ್ಟಿಗೂ ವಹಿಸಿದರೆ ಈ ಅಲೆದಾಟ ತಪ್ಪೀತು.