ದುಡಿಯಲು ಸಮರ್ಥೆ, ಬದುಕಲು ಅಸಮರ್ಥೆ: ಬ್ರಿಟ್ನಿ ಸ್ಪಿಯರ್ಸ್ ಪ್ರಕರಣ ಕೇಳುವ ಪ್ರಶ್ನೆ

ಲಾಸ್ ವೇಗಾಸ್‌ನ ಒಂದೇ ವೇದಿಕೆಯಲ್ಲಿ ನಾಲ್ಕು ವರ್ಷಗಳ ಅವಧಿಗೆ 248 ಪ್ರದರ್ಶನ. ಟಿಕೆಟ್ ಮಾರಾಟದಿಂದ ಬಂದದ್ದು 13 ಕೋಟಿ ಡಾಲರ್‌ಗೂ ಹೆಚ್ಚು. ಆದರೆ ಅಲ್ಲಿ ಹಾಡಿ ಕುಣಿಯುತ್ತಿದ್ದ ಗಾಯಕಿಗೆ ಸಿಗುತ್ತಿದ್ದ ಕೈಖರ್ಚು ವಾರಕ್ಕೆ 2,000 ಡಾಲರ್ ಎಂದು ನ್ಯಾಯಾಲಯದ ದಾಖಲೆಗಳನ್ನು ಆಧರಿಸಿ ನ್ಯೂಯಾರ್ಕ್ ಟೈಮ್ಸ್ 2021ರಲ್ಲಿ ವರದಿ ಮಾಡಿತು. ಎಷ್ಟು ದುಡಿದರೂ ಅಷ್ಟೇ. ಆಕೆಯ ಹೆಸರು ಬ್ರಿಟ್ನಿ ಸ್ಪಿಯರ್ಸ್. ಆಗ ವಯಸ್ಸು ಮೂವತ್ತು ದಾಟಿತ್ತು, ಇಬ್ಬರು ಗಂಡುಮಕ್ಕಳ ತಾಯಿಯಾಗಿದ್ದರು.

ಈ ಪ್ರಕರಣ ಮುಗಿದು ವರ್ಷಗಳಾದರೂ ಅದು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಚಿಕ್ಕ ವಯಸ್ಸಿನಲ್ಲೇ ಖ್ಯಾತಿಗೆ ಬಂದ ಮಗುವಿನ ದುಡಿಮೆಯನ್ನು ಮನೆಯವರೇ ನಿರ್ವಹಿಸಲು ಶುರು ಮಾಡಿದರೆ, ಆ ಹಿಡಿತ ಯಾವಾಗ ಸಡಿಲವಾಗಬೇಕು? ಸಡಿಲವಾಗದಿದ್ದರೆ ಕೇಳುವವರು ಯಾರು?

ಮಗುವಿನ ಹಾಡೇ ಮನೆಯ ಕಸುಬಾದಾಗ

ಬ್ರಿಟ್ನಿ ಹುಟ್ಟಿದ್ದು 1981ರ ಡಿಸೆಂಬರ್‌ನಲ್ಲಿ, ಬೆಳೆದದ್ದು ಲೂಸಿಯಾನಾದ ಕೆಂಟ್‌ವುಡ್ ಎಂಬ ಪುಟ್ಟ ಊರಿನಲ್ಲಿ. ಎಂಟನೇ ವಯಸ್ಸಿಗೇ ಡಿಸ್ನಿಯ ಮಿಕ್ಕಿ ಮೌಸ್ ಕ್ಲಬ್ ಟಿವಿ ಕಾರ್ಯಕ್ರಮದ ಆಯ್ಕೆಗೆ ಹೋಗಿ, ತೀರಾ ಚಿಕ್ಕವಳೆಂದು ವಾಪಸಾದ ಹುಡುಗಿ. ತರಬೇತಿಗಾಗಿ ತಾಯಿ ಮಗಳನ್ನು ಕರೆದುಕೊಂಡು ನ್ಯೂಯಾರ್ಕ್ ಸೇರಿದರು. ಕೆಲವು ವರ್ಷಗಳ ನಂತರ ಅದೇ ಡಿಸ್ನಿ ಕಾರ್ಯಕ್ರಮಕ್ಕೆ ಆಯ್ಕೆಯಾದರು. 15ನೇ ವಯಸ್ಸಿಗೆ ಜೈವ್ ರೆಕಾರ್ಡ್ಸ್ ಜೊತೆ ಒಪ್ಪಂದ. 1998ರಲ್ಲಿ ಮೊದಲ ಹಾಡು ಬಿಡುಗಡೆಯಾದಾಗ ವಯಸ್ಸು 16. ಅದೇ ಹೆಸರಿನ ಆಲ್ಬಂ 1999ರ ಜನವರಿಯಲ್ಲಿ ಬಂತು. ಶಾಲಾ ಹುಡುಗಿ ಜಗತ್ತಿನ ಅತಿ ದೊಡ್ಡ ಪಾಪ್ ತಾರೆಯಾಗಿದ್ದರು.

ಇಂಥ ಕಥೆ ಬ್ರಿಟ್ನಿಯಿಂದ ಶುರುವಾದದ್ದಲ್ಲ. 1969ರಲ್ಲಿ ಜಾಕ್ಸನ್ ಸಹೋದರರ ತಂಡದ ಹಾಡು ಅಮೆರಿಕವನ್ನು ಕುಣಿಸಿದಾಗ ಮೈಕಲ್ ಜಾಕ್ಸನ್‌ಗೆ ಹನ್ನೊಂದು ವರ್ಷ. ತಂಡವನ್ನು ಪಳಗಿಸಿದವರು ತಂದೆ. ಆಟವಾಡುವ ವಯಸ್ಸು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕಳೆದುಹೋದದ್ದನ್ನೂ ತಂದೆಯ ಹೊಡೆತಗಳನ್ನೂ ಮೈಕಲ್ 1993ರಲ್ಲಿ ಓಪ್ರಾ ವಿನ್‌ಫ್ರೇ ಸಂದರ್ಶನದಲ್ಲಿ ನೆನೆದಿದ್ದರು.

ಎಲ್ಲ ಹೆತ್ತವರೂ ದುರಾಸೆಯವರು ಎಂದಲ್ಲ. ಮಗುವಿನ ಪ್ರತಿಭೆಗಾಗಿ ಊರು, ಕೆಲಸ ಬಿಟ್ಟವರೂ ಇದ್ದಾರೆ. ತೊಡಕು ಇರುವುದು ಬೇರೆಡೆ. ಮಗುವಿನ ಹಾಡೇ ಮನೆಯ ಕಸುಬಾದಾಗ ಅಪ್ಪ ಅಪ್ಪನಷ್ಟೇ ಆಗಿರುವುದಿಲ್ಲ, ಮ್ಯಾನೇಜರ್ ಕೂಡ ಆಗುತ್ತಾನೆ. 'ಇವತ್ತು ಸುಸ್ತಾಗಿದೆ, ಬೇಡ' ಎಂದು ಮಗು ಹೇಳಿದರೆ ಅದನ್ನು ಕೇಳಿಸಿಕೊಳ್ಳುವುದು ಇಬ್ಬರಲ್ಲಿ ಯಾರು?

ಏನಿದು ಕನ್ಸರ್ವೇಟರ್‌ಶಿಪ್?

2004ರ ನಂತರದ ಕೆಲವೇ ವರ್ಷಗಳಲ್ಲಿ ಮದುವೆ, ಇಬ್ಬರು ಮಕ್ಕಳು, ವಿಚ್ಛೇದನ. ಹಿಂದೆ ಮುಂದೆ ಕ್ಯಾಮೆರಾ ಹಿಡಿದು ಮುತ್ತುವ ಫೋಟೋಗ್ರಾಫರ್‌ಗಳ ದಂಡು. 2007ರ ಫೆಬ್ರುವರಿಯಲ್ಲಿ ಬ್ರಿಟ್ನಿ ತಲೆ ಬೋಳಿಸಿಕೊಂಡದ್ದು ಜಗತ್ತಿಗೆ ತಮಾಷೆಯ ಸುದ್ದಿಯಾಯಿತು. ಆಕೆ ನೋವಿನಲ್ಲಿರಬಹುದು ಎಂದು ಯೋಚಿಸಿದವರು ಕಡಿಮೆ. 2008ರ ಜನವರಿಯಲ್ಲಿ ಎರಡು ಬಾರಿ ಮಾನಸಿಕ ತಪಾಸಣೆಗಾಗಿ ಆಸ್ಪತ್ರೆಗೆ ಸೇರಿಸಲಾಯಿತು. ಫೆಬ್ರುವರಿ 1ರಂದು ಲಾಸ್ ಏಂಜಲೀಸ್ ನ್ಯಾಯಾಲಯ ತಂದೆ ಜೇಮಿ ಸ್ಪಿಯರ್ಸ್ ಅವರನ್ನು ತಾತ್ಕಾಲಿಕ 'ಕನ್ಸರ್ವೇಟರ್' ಆಗಿ ನೇಮಿಸಿತು. ಅದೇ ವರ್ಷ ಅದು ಕಾಯಂ ಆಯಿತು.

ಸರಳವಾಗಿ ಹೇಳುವುದಾದರೆ, ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾಗದ ವಯಸ್ಕರ ಪರವಾಗಿ ನಿರ್ಧಾರ ಕೈಗೊಳ್ಳಲು ನ್ಯಾಯಾಲಯ ಇನ್ನೊಬ್ಬರಿಗೆ ಕೊಡುವ ಅಧಿಕಾರವೇ ಕನ್ಸರ್ವೇಟರ್‌ಶಿಪ್. ಮರೆವಿನ ಕಾಯಿಲೆಗೆ ತುತ್ತಾದ ವೃದ್ಧರಂಥವರ ವಿಷಯದಲ್ಲಿ ಇದು ಸಾಮಾನ್ಯ. ಬ್ರಿಟ್ನಿಗೆ ಆಗ 26 ವರ್ಷ.

ವಿಚಿತ್ರ ಶುರುವಾಗುವುದು ಇಲ್ಲಿಂದ. ಎರಡೇ ತಿಂಗಳಲ್ಲಿ ಅವರು ಟಿವಿ ಧಾರಾವಾಹಿಯೊಂದರಲ್ಲಿ ಕಾಣಿಸಿಕೊಂಡರು. ವರ್ಷ ಮುಗಿಯುವ ಮೊದಲು ಹೊಸ ಆಲ್ಬಂ ಬಂತು, 2009ರಲ್ಲಿ ವಿಶ್ವ ಪ್ರವಾಸ. 2012ರಲ್ಲಿ 'ದಿ ಎಕ್ಸ್ ಫ್ಯಾಕ್ಟರ್' ಎಂಬ ಗಾಯನ ಸ್ಪರ್ಧೆಯ ತೀರ್ಪುಗಾರರ ಕುರ್ಚಿ. ಬೇರೆಯವರ ಗಾಯನಕ್ಕೆ ತೀರ್ಪು ಕೊಡಬಲ್ಲ ವ್ಯಕ್ತಿ ತನ್ನ ಬದುಕಿನ ತೀರ್ಮಾನ ತೆಗೆದುಕೊಳ್ಳಲಾರಳು ಎಂದು ಕಾನೂನು ಹೇಳುತ್ತಿತ್ತು. 2013ರ ಕೊನೆಯಲ್ಲಿ ಲಾಸ್ ವೇಗಾಸ್ ಪ್ರದರ್ಶನಗಳು ಆರಂಭವಾದವು.

ಕಾವಲಿಗೂ ಆಕೆಯದೇ ಹಣ

ತಂದೆಗೆ ತಿಂಗಳಿಗೆ ಸುಮಾರು 16,000 ಡಾಲರ್ ಸಂಬಳ, ಕಚೇರಿಗೆ ಪ್ರತ್ಯೇಕ ಹಣ, ಲಾಸ್ ವೇಗಾಸ್ ಪ್ರದರ್ಶನಗಳ ಗಳಿಕೆಯಲ್ಲಿ ಪಾಲು. ಎಲ್ಲವೂ ಮಗಳ ಆಸ್ತಿಯಿಂದಲೇ. ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಸಾಮರ್ಥ್ಯ ಆಕೆಗಿಲ್ಲ ಎಂದು 2008ರಲ್ಲೇ ನಿರ್ಧಾರವಾಗಿತ್ತು. ನ್ಯಾಯಾಲಯವೇ ನೇಮಿಸಿದ ವಕೀಲರ ಶುಲ್ಕವನ್ನೂ, ಎದುರು ಪಕ್ಷದಲ್ಲಿದ್ದ ತಂದೆಯ ವಕೀಲರ ಶುಲ್ಕವನ್ನೂ ಭರಿಸಿದ್ದು ಬ್ರಿಟ್ನಿಯೇ.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಮಾತು ನೆನಪಾಗುವುದು ಸಹಜ. ಆದರೆ ತಂದೆಯ ಪರ ವಾದವನ್ನೂ ಕೇಳಬೇಕು. ಮಗಳು ತೀವ್ರ ಸಂಕಷ್ಟದಲ್ಲಿದ್ದಳು, ಹಣ ಸೋರಿಹೋಗುತ್ತಿತ್ತು, ತಾನು ಮಧ್ಯಪ್ರವೇಶಿಸಿ ಉಳಿಸಿದೆ ಎಂಬುದು ಅವರ ನಿಲುವು. 2008ರ ಆರಂಭದಲ್ಲಿ ಬ್ರಿಟ್ನಿಗೆ ನೆರವು ಬೇಕಿತ್ತು ಎಂಬುದನ್ನು ತಳ್ಳಿಹಾಕಲಾಗದು. ನಂತರದ ವರ್ಷಗಳಲ್ಲಿ ಆಸ್ತಿ ಬೆಳೆದು ಸುಮಾರು 6 ಕೋಟಿ ಡಾಲರ್ ಮುಟ್ಟಿದ್ದೂ ನಿಜ. ಹಾಗಿದ್ದರೂ ಆ ಆಸ್ತಿ ಬೆಳೆದದ್ದು ಆಕೆಯ ದುಡಿಮೆಯಿಂದ. ತುರ್ತು ನೆರವು ಹದಿಮೂರು ವರ್ಷ ಮುಂದುವರಿದದ್ದೇಕೆ? ಆಕೆ ಚೇತರಿಸಿಕೊಂಡಿದ್ದಾಳೆ ಎಂದು ಒಪ್ಪಿದ ದಿನವೇ ಕೆಲವರ ಆದಾಯ ನಿಲ್ಲುವಂಥ ಏರ್ಪಾಡು ಅದು. ಕೆಟ್ಟವರು ಯಾರೂ ಇಲ್ಲದಿದ್ದರೂ ಇಂಥ ಏರ್ಪಾಡು ತಾನಾಗಿ ಕೊನೆಗೊಳ್ಳುವುದಿಲ್ಲ.

ನ್ಯಾಯಾಲಯದಲ್ಲಿ ಇಪ್ಪತ್ತು ನಿಮಿಷ

ಈ ವ್ಯವಸ್ಥೆ ತನ್ನನ್ನು ದಮನಿಸುವ ಸಾಧನವಾಗಿದೆ ಎಂದು ಬ್ರಿಟ್ನಿ 2016ರಲ್ಲೇ ನ್ಯಾಯಾಲಯದ ತನಿಖಾಧಿಕಾರಿಗೆ ಹೇಳಿದ್ದರು. ಅದು ಹೊರಜಗತ್ತಿಗೆ ತಿಳಿಯಲು ಐದು ವರ್ಷ ಬೇಕಾಯಿತು. 2021ರ ಜೂನ್ 23ರಂದು ಅವರು ಬಹಿರಂಗ ವಿಚಾರಣೆಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಾತನಾಡಿದರು. ಇಷ್ಟವಿಲ್ಲದಿದ್ದರೂ ದುಡಿಸಿದರು, ಲಿಥಿಯಂ ಮಾತ್ರೆ ಕೊಟ್ಟರು, ಇನ್ನೊಂದು ಮಗು ಬೇಕೆಂದರೂ ಗರ್ಭನಿರೋಧಕ ಸಾಧನ ತೆಗೆಸಲು ಬಿಡಲಿಲ್ಲ ಎಂದರು. ಇದನ್ನು ಕೊನೆಗೊಳಿಸಿ ಎಂದು ತಾನೇ ಅರ್ಜಿ ಹಾಕಬಹುದು ಎಂಬುದೂ ತನಗೆ ಗೊತ್ತಿರಲಿಲ್ಲ ಎಂದರು.

ಆಮೇಲಿನದು ವೇಗವಾಗಿ ನಡೆಯಿತು. ಜುಲೈನಲ್ಲಿ ಸ್ವಂತ ವಕೀಲರ ನೇಮಕಕ್ಕೆ ಅನುಮತಿ, ಸೆಪ್ಟೆಂಬರ್‌ನಲ್ಲಿ ತಂದೆಯೇ ಕನ್ಸರ್ವೇಟರ್‌ಶಿಪ್ ಮುಗಿಸಲು ಅರ್ಜಿ ಸಲ್ಲಿಸಿದರು, ಅದೇ ತಿಂಗಳ ಕೊನೆಗೆ ನ್ಯಾಯಾಲಯ ಅವರನ್ನು ಅಮಾನತುಗೊಳಿಸಿತು. ನವೆಂಬರ್ 12ರಂದು ಎಲ್ಲವೂ ರದ್ದಾಯಿತು. ನಲವತ್ತು ತುಂಬಲು ಮೂರು ವಾರ ಬಾಕಿ ಇತ್ತು. ಹೋದ ಹಣದ ಲೆಕ್ಕ ಕೇಳಬಹುದು. 26ರಿಂದ 39ರವರೆಗಿನ ವಯಸ್ಸನ್ನು ವಾಪಸ್ ಕೊಡುವವರು ಯಾರು?

ಕಾನೂನು ಎಲ್ಲಿಯವರೆಗೆ ಕಾಯುತ್ತದೆ?

ಬಾಲಕಲಾವಿದರ ದುಡ್ಡಿಗೆ ಕಾವಲು ಹಾಕಿದ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1939ರಿಂದಲೇ ಇದೆ. ಚಾಪ್ಲಿನ್ ಅವರ 1921ರ 'ದಿ ಕಿಡ್' ಚಿತ್ರದ ಪುಟಾಣಿ ಜಾಕಿ ಕೂಗನ್ ಲಕ್ಷಾಂತರ ಡಾಲರ್ ಗಳಿಸಿದ್ದರು. ದೊಡ್ಡವರಾದಾಗ ತಾಯಿ ಮತ್ತು ಮಲತಂದೆ ಬಹುಪಾಲು ಖರ್ಚು ಮಾಡಿದ್ದು ತಿಳಿದು ಕೋರ್ಟ್ ಮೆಟ್ಟಿಲೇರಿದರು. ಅವರ ಹೆಸರಿನಲ್ಲೇ ಬಂದ ಕಾಯ್ದೆಯ ಈಗಿನ ರೂಪದಲ್ಲಿ ಗಳಿಕೆಯ ಶೇ 15ರಷ್ಟನ್ನು ಮಗುವಿಗಾಗಿ ತೆಗೆದಿಡಬೇಕು. ಆದರೆ ಆ ಕಾವಲು 18 ವರ್ಷದವರೆಗೆ ಮಾತ್ರ. ಬಾಲ್ಯದಲ್ಲಿ ಬೆಳೆದ ಹಿಡಿತ ವಯಸ್ಸಿನ ಜೊತೆ ತಾನಾಗಿ ಹೋಗುವುದಿಲ್ಲ ಎಂಬುದನ್ನು ತೋರಿಸಿದ್ದು ಬ್ರಿಟ್ನಿ ಪ್ರಕರಣ. ಇದರ ಬೆನ್ನಲ್ಲೇ 2021ರಲ್ಲಿ ಕ್ಯಾಲಿಫೋರ್ನಿಯಾ, ಇಂಥವರು ತಮ್ಮ ವಕೀಲರನ್ನು ತಾವೇ ಆರಿಸಿಕೊಳ್ಳುವ ಹಕ್ಕಿಗೆ ಕಾನೂನಿನ ಬಲ ಕೊಟ್ಟಿತು. ಕನ್ಸರ್ವೇಟರ್ ನೇಮಿಸುವ ಮೊದಲು ಕಡಿಮೆ ನಿರ್ಬಂಧದ ದಾರಿ ಹುಡುಕಬೇಕೆಂದು 2022ರಲ್ಲಿ ಇನ್ನೊಂದು ಕಾನೂನು ಬಂತು.

ನಮ್ಮಲ್ಲೂ ನಿಯಮಗಳಿವೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಟಿವಿಯ ಗಾಯನ ಸ್ಪರ್ಧೆಗಳಲ್ಲಿ ಹಾಡುವ ಮಕ್ಕಳ ಹೆತ್ತವರು ಇದನ್ನು ತಿಳಿದಿರಬೇಕು.

ಆದರೆ ಠೇವಣಿ ಉಳಿಸುವುದು ಹಣವನ್ನು ಮಾತ್ರ. 'ನನಗೆ ಇವತ್ತು ಹಾಡಲು ಮನಸ್ಸಿಲ್ಲ' ಎಂದು ಮಗು ಹೇಳಿದಾಗ ಮೈಕ್ ಕೆಳಗಿಡಲು ಬಿಡುವ ನಿಯಮವನ್ನು ಯಾವ ಸರ್ಕಾರವೂ ಬರೆಯಲಾರದು. ಅದನ್ನು ಮನೆಯಲ್ಲೇ ಬರೆಯಬೇಕು, ಮೊದಲ ಚಪ್ಪಾಳೆ ಬೀಳುವ ಮುನ್ನವೇ.