ಆಕಾಶದಲ್ಲೂ ಪಂಕ್ತಿಭೇದವೇ?



ಲಂಡನ್ನಿನಿಂದ ನ್ಯೂಯಾರ್ಕಿಗೆ ಅಟ್ಲಾಂಟಿಕ್ ಸಾಗರದ ಮೇಲೆ ಸುಮಾರು 5,500 ಕಿಲೋಮೀಟರ್, ಏಳೆಂಟು ಗಂಟೆಯ ಹಾದಿ. ಮುಂದೆ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗಿದವರೂ ಹಿಂದೆ ಮಂಡಿ ಮಡಚಿ ಕುಳಿತವರೂ ಒಂದೇ ಹೊತ್ತಿಗೆ ಅದೇ ನೆಲ ಮುಟ್ಟುತ್ತಾರೆ. ಹಿಂದೆ ಕಾನ್‌ಕಾರ್ಡ್ ವಿಮಾನವಿತ್ತು. ಹೆಚ್ಚು ಹಣ ತೆತ್ತವರನ್ನು ಮೂರೂವರೆ ಗಂಟೆಯಲ್ಲಿ ದಾಟಿಸುತ್ತಿತ್ತು. ಅದು 2003ರಲ್ಲಿ ನಿಂತುಹೋಯಿತು. ಈಗ ಹಲವು ಪಟ್ಟು ತೆತ್ತು ಕೊಳ್ಳುವುದು ಹಾಸಿಗೆ, ಪಿಂಗಾಣಿ ತಟ್ಟೆ ಮತ್ತು ನಡುವೆ ಎಳೆದ ಒಂದು ಪರದೆ.

ಹಾಸಿಗೆಗೆ ನಮ್ಮ ತಕರಾರಿಲ್ಲ. ವೃದ್ಧರಿಗೆ, ಬೆನ್ನುನೋವಿನವರಿಗೆ ಅದು ಬೇಕು. ತಕರಾರು ಪರದೆಯದು. ಊಟದ ಸಾಲಿನಲ್ಲಿ ಪಂಕ್ತಿಭೇದ ಕಂಡರೆ ಸಿಡಿದೇಳುವ ನಾವು, ಅದೇ ಭೇದ ಟಿಕೆಟ್ಟಿನ ರೂಪದಲ್ಲಿ ಬಂದರೆ ಗೌರವವೆಂದು ಭಾವಿಸುತ್ತೇವಲ್ಲ!

ಭೇದದ ಫಲ ಏನೆಂಬುದಕ್ಕೆ ಸಾಕ್ಷಿಯಿದೆ. ವಿಮಾನದೊಳಗಿನ ಜಗಳಗಳ ಕುರಿತು ಇಬ್ಬರು ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫಸ್ಟ್ ಕ್ಲಾಸ್ ಇರುವ ವಿಮಾನದ ಹಿಂದಿನ ಸಾಲುಗಳಲ್ಲಿ ರಂಪಾಟದ ಸಾಧ್ಯತೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಮುಂದಿನ ಬಾಗಿಲಿನಿಂದ ಹತ್ತಿಸಿ ಎಲ್ಲರನ್ನೂ ಆ ವೈಭವದ ಮಧ್ಯೆ ನಡೆಸಿದರೆ ಎರಡೂ ಕಡೆ ಜಗಳ ಹೆಚ್ಚುತ್ತದೆ. ಮೇಲು ಎನಿಸಿಕೊಂಡವನ ಮನಸ್ಸೂ ಕೆಡುತ್ತದೆ ಎಂದಾಯಿತು.

ಇನ್ನು ಹೊಗೆಯ ಲೆಕ್ಕ. ಹಾಸಿಗೆ ಹೆಚ್ಚು ಜಾಗ ತಿನ್ನುತ್ತದೆ. ಅಷ್ಟು ಇಂಧನವೂ ಅವರ ಪಾಲಿಗೇ ಬರಬೇಕು. ಬಿಸಿನೆಸ್ ಕ್ಲಾಸಿನ ಪ್ರಯಾಣಿಕನ ಇಂಗಾಲದ ಹೊರೆ ಹಿಂದಿನ ಸಾಲಿನವನಿಗಿಂತ ಸುಮಾರು ಮೂರು ಪಟ್ಟು ಎಂದು ವಿಶ್ವಬ್ಯಾಂಕಿನ 2013ರ ಅಧ್ಯಯನ ಹೇಳಿತು. ಆ ಹೊಗೆಗೆ ಪರದೆಯಿಲ್ಲ. ವಿಮಾನವನ್ನೇ ಹತ್ತದ ರೈತನ ಹೊಲದ ಮೇಲೂ ಅದು ಕವಿಯುತ್ತದೆ.

‘ಅವರು ಹೆಚ್ಚು ಕೊಡುವುದರಿಂದಲೇ ಹಿಂದಿನವರ ಟಿಕೆಟ್ ಅಗ್ಗ’ ಎನ್ನುವವರಿದ್ದಾರೆ. ಇರಲಿ. ಆದರೆ ಆ ಹೆಚ್ಚಿನ ಹಣ ಯಾರದು? ಎಷ್ಟೋ ವೇಳೆ ಅದು ಕಂಪನಿಯದು, ಸರ್ಕಾರದ್ದು, ಸಂಸ್ಥೆಯದು. ಬೆವರು ಒಬ್ಬರದು, ಹಾಸಿಗೆ ಇನ್ನೊಬ್ಬರದು. ಇದು ಯಾವ ಕಾಯಕ?

ಆದ್ದರಿಂದ ನಮ್ಮ ಮಾತು ನೇರ. ಸ್ವಂತ ದುಡಿಮೆಯಿಂದ ಹೋಗುವವರು ತಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಲಿ. ಜನರ ತೆರಿಗೆಯಲ್ಲಿ, ಸದಸ್ಯರ ವಂತಿಗೆಯಲ್ಲಿ, ಭಕ್ತರ ಕಾಣಿಕೆಯಲ್ಲಿ ಸಾಗರ ದಾಟುವವರು, ಆರೋಗ್ಯ ನೆಟ್ಟಗಿದ್ದರೆ, ಹಿಂದಿನ ಸಾಲಿನಲ್ಲೇ ಕೂರಲಿ. ಉಳಿದ ಹಣ ಒಂದು ಪ್ರಸಾದ ನಿಲಯದ ಮಕ್ಕಳ ತಟ್ಟೆಗೆ ಬೀಳಲಿ. ಸಮಾನತೆಯ ಮೇಲೆ ಭಾಷಣ ಮಾಡಲು ಹೊರಟವರು ಪರದೆಯ ಆಚೆ ಕೂತು ಹೋಗುವುದು ಬೇಡ.