ತವರಿಲ್ಲದ ತವರು ತಂಡ

ಇಂಗ್ಲಿಷರ 'ಹೋಮ್ ಟೀಮ್' ಎಂಬ ಮಾತಿಗೆ 'ತವರು ತಂಡ' ಎಂಬ ಕನ್ನಡವನ್ನು ಯಾವ ಪತ್ರಿಕೆಯ ಯಾವ ಪುಣ್ಯಾತ್ಮ ಮೊದಲು ಬರೆದನೋ, ಅವನಿಗೆ ನನ್ನದೊಂದು ನಮಸ್ಕಾರ. ತಾನು ಎಂಥ ಮಾತು ಬರೆಯುತ್ತಿದ್ದೇನೆ ಎಂಬುದು ಅವನಿಗೆ ಹೊಳೆದಿರಲಿಕ್ಕಿಲ್ಲ. ಬರೀ ಮನೆಯನ್ನು ಯಾರೂ ತವರು ಅನ್ನುವುದಿಲ್ಲ. ನಮ್ಮ ಕಡೆ ನಾಗರ ಪಂಚಮಿ ಹತ್ತಿರ ಬಂತೆಂದರೆ ಅಣ್ಣನೋ ತಮ್ಮನೋ ಕರೆಯಲಿಕ್ಕೆ ಬರಬೇಕು. ಜೋಕಾಲಿ ಕಟ್ಟಬೇಕು, ಉಂಡಿ ಕಟ್ಟಬೇಕು, ತಿರುಗಿ ಕಳಿಸುವಾಗ ಉಡಿ ತುಂಬಬೇಕು. ಕರೆಯಲು ಬಾರದ ಮನೆಯನ್ನು ನಮ್ಮ ಹೆಣ್ಣುಮಕ್ಕಳು ಹಾಡಿನಲ್ಲಿ ನೆನೆದು ಅತ್ತಾರೆಯೇ ಹೊರತು ಅದು ಸರಿ ಎಂದು ಒಪ್ಪುವುದಿಲ್ಲ. ಆ ಶಬ್ದದಲ್ಲಿ ಹಕ್ಕೂ ಇದೆ, ಋಣವೂ ಇದೆ. ಐಹೊಳೆಯಂಥ ಊರಿನಲ್ಲಿ ಕುಳಿತು ಆಟದ ಹುಚ್ಚು ಹಚ್ಚಿಕೊಂಡ ನನ್ನಂಥವನು, ನಮ್ಮವೆಂದು ಹೇಳಿಕೊಳ್ಳುವ ತಂಡಗಳನ್ನು ಇದೇ ಅಳತೆಗೋಲಿನಿಂದ ಅಳೆದರೆ ತಪ್ಪೇನು?

ಮೊದಲು ದೊಡ್ಡದನ್ನೇ ಹಿಡಿಯೋಣ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ರಾಯಲ್ ಚಾಲೆಂಜರ್ಸ್ ಕಪ್ ಎತ್ತಿತು. 2008ರಿಂದ ಕಾದದ್ದು. ಐಹೊಳೆಯಲ್ಲಿಯೂ ಪಟಾಕಿ ಹಾರಿದವು. ನಾನೂ ಕೊನೆಯ ಚೆಂಡಿನವರೆಗೆ ಎದ್ದು ಕುಳಿತವನೇ, ಸಂತೋಷಪಟ್ಟವನೇ. ಮುಂಜಾನೆ ಚಹಾದ ಅಂಗಡಿಯಲ್ಲಿ ಆ ಹನ್ನೊಂದು ಜನರ ಹೆಸರನ್ನು ಬೆರಳು ಮಡಚಿ ಎಣಿಸಿದೆ. ಕರ್ನಾಟಕದವನು ಒಬ್ಬನೇ, ಮಯಂಕ್ ಅಗರವಾಲ್. ಅವನೂ ದೇವದತ್ತ ಪಡಿಕ್ಕಲ್ ಗಾಯಗೊಂಡದ್ದಕ್ಕೆ ನಡುವೆ ಬದಲಿಯಾಗಿ ಬಂದವನು. ನಾಯಕ ರಜತ್ ಪಾಟೀದಾರ್ ಇಂದೂರಿನವನು, ಅಂದರೆ ನರ್ಮದೆಯ ಆಚೆ ದಂಡೆಯವನು. ನಮ್ಮ ಇಮ್ಮಡಿ ಪುಲಿಕೇಶಿ ಯಾವ ಹೊಳೆಯ ಹತ್ತಿರ ಹರ್ಷನನ್ನು ತಡೆದನೋ ಅದೇ ನರ್ಮದೆ. ಪಾಟೀದಾರನ ಮೇಲೆ ನನಗೆ ಸಿಟ್ಟಿಲ್ಲ. ಚಂದ ಆಡುವ ಹುಡುಗ. ಆದರೆ ವಿಸ್ಕಿಯೊಂದರ ಹೆಸರಿನಿಂದ ಹುಟ್ಟಿ, ಹರಾಜಿನಲ್ಲಿ ಕೂಡಿ, ವರ್ಷ ವರ್ಷ ಚದುರುವ ಪರಿವಾರಕ್ಕೆ 'ನಮ್ದೆ' ಎಂಬ ಶಬ್ದ ಕೊಡುವಾಗ ಯಾರಾದರೂ ಒಮ್ಮೆ ಕೆಮ್ಮಬಾರದೆ?

ಅಂಗಡಿಯಲ್ಲಿದ್ದ ಹುಡುಗನೊಬ್ಬ ಹೇಳಿದ: "ಕಾಕಾ, ಈಗಿನ ಆಟ ಹಂಗ ಇರತೈತ್ರಿ. ರೊಕ್ಕ ಇದ್ದಾಂವ ಕೊಳ್ಳತಾನ."

"ಕೊಳ್ಳಲಿ ತಮ್ಮಾ, ಬ್ಯಾಡ ಅನ್ನೂದಿಲ್ಲ. ಆದ್ರ ಕೊಂಡದ್ದಕ್ಕ ತವರು ಅಂತ ಯಾಕ ಅಂತೀ?"

ಅವನು ನಕ್ಕ. ಅಂದು ಸಂಜೆ ಅವನೂ ನಗಲಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತವಾಗಿ 11 ಜನ ಸತ್ತರು, ಬಹಳಷ್ಟು ಎಳೆಯರೇ. ಹೊಣೆ ಯಾರದೆಂದು ಪೋಲೀಸರು, ಸರಕಾರ, ಸಂಘ, ಮಾಲೀಕರು ಒಬ್ಬರ ಕಡೆಗೊಬ್ಬರು ಬೆರಳು ಮಾಡಿದರು. ನಾನು ಆ ವಿಚಾರಣೆಗೆ ಹೋಗುವುದಿಲ್ಲ. ಒಂದು ಮಾತು ಮಾತ್ರ ನನ್ನ ಮನಸ್ಸಿನಿಂದ ಹೋಗದು: ಅವರೆಲ್ಲ ತಮ್ಮದೆಂದು ನಂಬಿ ಬಂದ ಮನೆಯ ಬಾಗಿಲಲ್ಲಿ ಸತ್ತರು.

ಇನ್ನು ಸಣ್ಣದು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ಮುಂಚೆ ನಾವೂ ವಿಜಾಪುರ ಜಿಲ್ಲೆಯವರೇ. ಹೀಗಾಗಿ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ 'ಬಿಜಾಪುರ ಬುಲ್ಸ್' ಎಂಬ ತಂಡ ಕಾಣಿಸಿದಾಗ ಹಳೆಯ ಸಂಬಂಧ ನೆನೆದು ನಾವು ಬೆನ್ನು ಹತ್ತಿದೆವು. ಆ ತಂಡ 2015ರಲ್ಲಿ ಗೆದ್ದಿತು, 2018ರಲ್ಲಿ ಮತ್ತೆ ಗೆದ್ದಿತು. ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಂದು. 2019ರಲ್ಲಿ ಮೋಸದಾಟದ ಹಗರಣ ಹೊರಬಿದ್ದು ತಂಡವೊಂದರ ಮಾಲೀಕ ಮತ್ತು ಆಟಗಾರರು ಬಂಧನಕ್ಕೊಳಗಾದರು, ಲೀಗು ಮುಚ್ಚಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಅಂಗಡಿ ತೆರೆದಾಗ ಆರು ತಂಡ: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲಬರ್ಗಾ. ಎರಡು ಸಲ ಗೆದ್ದ ನಮ್ಮ ಎತ್ತನ್ನು ಯಾವ ಸಂತೆಗೆ ಹೊಡೆದರೋ! ಸಾಕಿದವನು ಎತ್ತು ಮಾರುವಾಗ ಒಂದು ಸಲ ಕೊರಳು ಸವರುತ್ತಾನೆ. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಲಿಕ್ಕೆ ನಾವು ಯಾರು? ಹೆಸರು ಮಾತ್ರ ನಮ್ಮ ಸೀಮೆಯದು.

ಊರಿನ ಹೆಸರನ್ನು ಹೊರಗಿನವರು ಇಟ್ಟುಕೊಳ್ಳುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ವಾದಿಸಿದರೆ ಐಹೊಳೆಯ ಕಲ್ಲುಗಳೇ ಎದ್ದು ಬಂದಾವು. 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ನಮ್ಮ ಊರ ಹೆಸರು ಹೊತ್ತು ತಮಿಳು ನಾಡು, ಸಿಂಹಳಗಳಲ್ಲೆಲ್ಲ ವ್ಯಾಪಾರ ಮಾಡಿತು. 1088ರ ಅವರ ಶಾಸನವೊಂದು ಸುಮಾತ್ರದಲ್ಲಿ ಸಿಕ್ಕಿದೆ. ಆ ಹೆಸರು ಹೇಳಿಕೊಂಡವರಲ್ಲಿ ಎಷ್ಟೋ ಜನ ಐಹೊಳೆಯ ಮುಖ ಸಹ ನೋಡಿರಲಾರರು. ಈಗಿನ ಮಾತಿನಲ್ಲಿ ಫ್ರಾಂಚೈಸಿಯೇ. ಆದರೆ ಅವರ ಶಾಸನ ಓದಿ. ಹೇರು ಇಳಿಸಿದ ಕಡೆ ಸುಂಕದಲ್ಲಿ ಇಷ್ಟು ಪಾಲು ಗುಡಿಗೆ, ಇಷ್ಟು ಕೆರೆಗೆ ಎಂದು ಬರೆದು ಕೊಟ್ಟಿದ್ದಾರೆ. ಹೆಸರಿನಿಂದ ಬಂದದ್ದರಲ್ಲಿ ನೆಲಕ್ಕೆ ಒಂದು ಪಾಲು. ಇವತ್ತಿನ ಮಾಲೀಕರು ಯಾವ ಕಲ್ಲಿನ ಮೇಲೆ ಏನು ಬರೆಸಿದ್ದಾರೆ, ತೋರಿಸಲಿ.

ನನ್ನ ಮೆಚ್ಚಿನ ಚಿತ್ರ ಯಾವುದೆಂದು ಕೇಳಿದವರಿಗೆ ನಾನು 'ಲಗಾನ್' ಎನ್ನುತ್ತೇನೆ. ಇದರಿಂದ ನಮ್ಮೂರಿನಲ್ಲಿ ನನಗೆ ಸ್ವಲ್ಪ ಕೆಟ್ಟ ಹೆಸರು. ಚಾಲುಕ್ಯರ ನೆಲದಲ್ಲಿ ಹುಟ್ಟಿ, 1967ರ 'ಇಮ್ಮಡಿ ಪುಲಿಕೇಶಿ'ಯಲ್ಲಿ ರಾಜಕುಮಾರರನ್ನು ನೋಡಿದ ಮೇಲೆಯೂ ಹಿಂದೀ ಚಿತ್ರ ಮೆಚ್ಚುವುದೆ? ನಾನು ರಾಜಕುಮಾರರಿಗೆ ಸಿಳ್ಳೆ ಹೊಡೆದವನೇ. ಆದರೆ ರಾಜರ ಕಥೆಯ ಒಂದು ತೊಂದರೆ ನಮ್ಮ ಮೇಗುತಿ ಗುಡ್ಡದ ಮೇಲೆಯೇ ಕೊರೆದಿಟ್ಟಿದೆ. ಕ್ರಿ.ಶ. 634ರ ರವಿಕೀರ್ತಿಯ ಶಾಸನ, ನನ್ನ ಮಟ್ಟಿಗೆ, ಈ ನಾಡಿನಲ್ಲಿ ಅಭಿಮಾನಿಯೊಬ್ಬ ಬರೆದ ಮೊದಲ ಪಂದ್ಯದ ವರದಿ. ಗೆದ್ದ ನಾಡುಗಳ ಪಟ್ಟಿ ಉದ್ದಕ್ಕೆ ಕೊಟ್ಟಿದ್ದಾನೆ. ಹರ್ಷನ ಹೆಸರನ್ನೇ ಶ್ಲೇಷೆ ಮಾಡಿ, ಅವನ ಸಂತೋಷವೇ ಹಾರಿಹೋಯಿತೆಂದು ಗೇಲಿ ಮಾಡಿದ್ದಾನೆ. ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಅಭಿಮಾನಿಗಳ ಸ್ವಭಾವ 1400 ವರ್ಷವಾದರೂ ಬದಲಾಗಿಲ್ಲ. ಎಂಟು ವರ್ಷ ಕಳೆಯುವುದರೊಳಗೆ, 642ರಲ್ಲಿ, ಪಲ್ಲವರ ನರಸಿಂಹವರ್ಮ ಬಾದಾಮಿಗೆ ನುಗ್ಗಿ ಅಲ್ಲಿಯ ಬಂಡೆಯ ಮೇಲೆ ತನ್ನ ಗೆಲುವು ಕೊರೆಸಿದ. ನಾನು ಹುಡುಕುವುದು ಬೇರೆ. ಆ ದಂಡಿನಲ್ಲಿ ಐಹೊಳೆಯ ಕಲ್ಲುಕುಟಿಗನ ಮಗ ಯಾರಿದ್ದ? ಕುರಿ ಕಾಯುವವನ ಮಗ ಯಾರಿದ್ದ? ರವಿಕೀರ್ತಿ ಒಂದು ಹೆಸರೂ ಬರೆದಿಲ್ಲ.

ಲಗಾನ್ ಹನ್ನೊಂದೂ ಹೆಸರು ಬರೆಯುತ್ತದೆ. 2001ರಲ್ಲಿ ಬಂದ ಅಶುತೋಷ್ ಗೋವಾರಿಕರರ ಈ ಚಿತ್ರದಲ್ಲಿ ಚಂಪಾನೇರ್ ಎಂಬ ಊರು 1893ರಲ್ಲಿ ಮಳೆಯಿಲ್ಲದೆ ಒಣಗಿದೆ. ಬ್ರಿಟಿಷ್ ಕ್ಯಾಪ್ಟನ್ ಪಣ ಒಡ್ಡುತ್ತಾನೆ: ಗೆದ್ದರೆ ಮೂರು ವರ್ಷ ಕಂದಾಯ ಮಾಫಿ, ಸೋತರೆ ಮೂರು ಪಟ್ಟು. ಆಡುವವರು ಯಾರು? ಕೋಳಿ ಸಾಕುವ ಭೂರಾ, ಕುಂಬಾರ ಇಸ್ಮಾಯಿಲ್, ಕಮ್ಮಾರ ಅರ್ಜನ್, ಔಷಧಿ ಕೊಡುವ ಈಶ್ವರ, ಮಾತು ಬಾರದ ಡೋಲಿನ ಬಾಘಾ. ಗೋಲಿ ಎಂಬ ರೈತ ಕವಣೆ ಬೀಸುವ ಹಾಗೆ ಕೈ ತಿರುಗಿಸಿ ಚೆಂಡು ಎಸೆಯುತ್ತಾನೆ. ಜೋಳದ ತೆನೆಗೆ ಬೀಳುವ ಹಕ್ಕಿ ಹೊಡೆದ ನಮ್ಮ ಹುಡುಗರಿಗೆ ಆ ಕೈಯ ಗುರುತು ಹೇಳಿಕೊಡಬೇಕಾಗಿಲ್ಲ. ಅವರ ಆಟ ಅವರ ಕಸುಬಿನಿಂದ ಎದ್ದು ಬಂದದ್ದು; ಸೋತರೆ ಮರುದಿನ ಮೂರು ಪಟ್ಟು ಕಾಳು ಅಳೆಯಬೇಕಾದವರೂ ಅವರೇ. ತವರು ತಂಡವೆಂದರೆ ನನಗೆ ಇದು.

"ಹಾಗಾದರೆ ಹೊರಗಿನವರು ಬರಲೇಬಾರದೇ?" ಎಂದು ಕೇಳುವವರಿಗೆ ಅದೇ ಚಿತ್ರದಲ್ಲಿ ಉತ್ತರವಿದೆ. ದೇವಾ ಎಂಬ ಸಿಖ್ಖ ಚಂಪಾನೇರಿನವನಲ್ಲ, ಬ್ರಿಟಿಷರ ಸೈನ್ಯ ಬಿಟ್ಟವನು. ಅವನನ್ನು ಯಾರೂ ಕೊಂಡು ತಂದಿಲ್ಲ. ಊರಿನ ಕಷ್ಟಕ್ಕೆ ಹೆಗಲು ಕೊಡಲು ತಾನಾಗಿ ಬಂದು ನಿಂತ. ನಮ್ಮ ಲಾಡಖಾನ್ ಗುಡಿಗೆ ಆ ಹೆಸರು ಹೇಗೆ ಬಂತು? ಲಾಡಖಾನ್ ಎಂಬುವನು ಅದರೊಳಗೆ ವಾಸವಾಗಿದ್ದ, ಅಷ್ಟೇ. ಇದ್ದು ಬಾಳಿದವನ ಹೆಸರನ್ನು ದೇವರ ಗುಡಿಗೂ ಇಡಲು ನಮ್ಮೂರು ಹಿಂದೆಮುಂದೆ ನೋಡಿಲ್ಲ.

ಇನ್ನೊಂದು ಪಾತ್ರ ಲಾಖಾ. ಹೊಟ್ಟೆಕಿಚ್ಚಿಗೆ ಬ್ರಿಟಿಷರಿಗೆ ಮಾರಿಕೊಂಡು ಬೇಕೆಂದೇ ಕೆಟ್ಟದಾಗಿ ಆಡುತ್ತಾನೆ. ಊರು ಅವನನ್ನು ಹೊಡೆಯಲು ಬೆನ್ನಟ್ಟುತ್ತದೆ, ಅವನು ಗುಡಿ ಹೊಕ್ಕು ತಪ್ಪೊಪ್ಪಿಕೊಳ್ಳುತ್ತಾನೆ, ಮರುದಿನ ಜೀವ ಬಿಟ್ಟು ಆಡುತ್ತಾನೆ. ಯಾಕೆಂದರೆ ಪಂದ್ಯ ಮುಗಿದ ಮೇಲೆ ಅದೇ ಊರಿನಲ್ಲಿ, ಅದೇ ಬಾವಿಯ ನೀರು ಕುಡಿದು ಬದುಕಬೇಕಾದವನು ಅವನು. 2019ರ ನಮ್ಮ ಲೀಗಿನಲ್ಲಿ ಆಟ ಮಾರಿಕೊಂಡವರಿಗೆ ಯಾವ ಊರು ಬೆನ್ನಟ್ಟಬೇಕಾಗಿತ್ತು? ಅವರ ಮುಖ ನೋಡಿ ಕೇಳುವ ಊರೇ ಇರಲಿಲ್ಲ.

ತವರು ಎಂದ ಕೂಡಲೇ ತುಪ್ಪ ಸುರಿಯುವ ಜಾತಿಯವನೂ ನಾನಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಊರಿಗೊಂದು ತಂಡವಿರುವುದು ಕಡಿಮೆ, ಓಣಿಗೊಂದು ತಂಡ. ಓಣಿ ಎಂದರೆ ಏನೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂದ್ಯಕ್ಕೆ ವಂತಿಗೆ ಎತ್ತುವಾಗ ಎಲ್ಲರೂ ಬೇಕು, ಬ್ಯಾಟು ಹಿಡಿಯುವ ಸರದಿ ಬಂದಾಗ ಕೇರಿಯ ಹುಡುಗ ಗೆರೆಯಾಚೆ ಚೆಂಡು ಹೆಕ್ಕಲಿಕ್ಕೆ. ಈ ಒಂದು ವಿಷಯದಲ್ಲಿ ಹರಾಜು ಮೇಲು; ಅಲ್ಲಿ ಜಾತಿ ಕೇಳಿ ಬೆಲೆ ಕಟ್ಟುವುದಿಲ್ಲ ಎಂದು ನನ್ನೊಡನೆ ವಾದಿಸಿದವರಿಗೆ ನಾನು ಎದುರಾಡಿಲ್ಲ. ಲಗಾನ್ ಈ ಹುಣ್ಣನ್ನು ಮುಚ್ಚಿಡುವುದಿಲ್ಲ. ಕಚರಾನನ್ನು ತಂಡಕ್ಕೆ ಸೇರಿಸಿಕೊಳ್ಳುತ್ತೇನೆ ಎಂದ ಕೂಡಲೇ ಉಳಿದವರು ಎದ್ದು ಹೊರಡುತ್ತಾರೆ. ಅವನ ಊನಗೊಂಡ ಕೈಯಿಂದ ಬಿಟ್ಟ ಚೆಂಡು ತಿರುಗುವುದು ಆಮೇಲೆ. ಮೊದಲು ಊರು ತಿರುಗಬೇಕು. ಆ ದೃಶ್ಯ ಬಂದಾಗ ನಮ್ಮ ಓಣಿಯ ಟೀವಿಯ ಮುಂದೆ ಒಂದು ಥರದ ಮೌನ ಇರುತ್ತದೆ. ನಾನು ಅದನ್ನು ಹಲವು ಸಲ ಗಮನಿಸಿದ್ದೇನೆ.

"ಕಾಕಾ, ಅದು ಸಿನಿಮಾರಿ" ಎನ್ನುತ್ತಾನೆ ಅದೇ ಹುಡುಗ. ಸಿನಿಮಾ ಹೌದು. ಹಾಗಾದರೆ ಸಿನಿಮಾ ಅಲ್ಲದ್ದು ಕೇಳು. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಮುಂಜಾನೆ ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ತಿರುಗಿ ಬಂದು ಸಾಲಿಗೆ ಹೋಗುತ್ತಿದ್ದರು. 1995-96ರಲ್ಲಿ ಕರ್ನಾಟಕ ರಣಜಿ ಗೆದ್ದಾಗ ಅವರು ತಂಡದಲ್ಲಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಎಲ್ಲರೂ ಇದನ್ನು ಜೋಶಿಯವರ ಛಲದ ಕಥೆಯಾಗಿ ಹೇಳುತ್ತಾರೆ. ಗದಗಿನಂಥ ಪೇಟೆಯ ಹುಡುಗ ಸರಿಯಾದ ಪಿಚ್ಚಿಗಾಗಿ 60 ಕಿಲೋಮೀಟರು ಹೋಗಬೇಕಾಯಿತು ಎಂಬ ಇನ್ನೊಂದು ಮಗ್ಗುಲನ್ನು ಯಾರೂ ಹೇಳುವುದಿಲ್ಲ. ರೈಲು ಹಿಡಿಯಲಾರದ ಎಷ್ಟು ಜನ ಎಡಗೈ ಬೌಲರುಗಳು ಇಳಕಲ್ಲಿನ ಮಗ್ಗದ ಮುಂದೆ, ಗ್ರಾನೈಟಿನ ಧೂಳಿನಲ್ಲಿ ಕುಳಿತರೋ ಯಾರು ಎಣಿಸಿದ್ದಾರೆ?

ಈಗ ಐಹೊಳೆಗೆ ಬರುತ್ತೇನೆ. ನೂರಕ್ಕೂ ಹೆಚ್ಚು ಗುಡಿಗಳಿರುವ ಊರು ನಮ್ಮದು. 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ. ಗುಡಿಯಿಂದ ಗುಡಿಗೆ ಈ ವೃತ್ತಗಳನ್ನು ಎಳೆಯುತ್ತ ಹೋದರೆ ಊರೇ ಅವುಗಳೊಳಗೆ ಮುಳುಗುತ್ತದೆ. ದುರ್ಗ ಗುಡಿಯ ಸುತ್ತ ಹಸಿರು ಹುಲ್ಲು ಬೆಳೆಸಿದ್ದಾರೆ, ಕಣ್ಣಿಗೆ ತಂಪು. ಆದರೆ ಅದರ ಮೇಲೆ ಚೆಂಡು ಬೀಳಕೂಡದು. ಕಾವಲುಗಾರ ಬೈದರೆ ಅವನ ಕೆಲಸ ಅವನು ಮಾಡುತ್ತಾನೆ. ಗುಡಿಗಳು ಉಳಿಯಬೇಕೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಮಕ್ಕಳಿಗೆ ಬೇರೆ ಕಡೆ ಎರಡು ಎಕರೆ ಬಯಲು ಕೊಡಿ ಎಂದು ಒಂದು ಕಚೇರಿಗೆ ಅರ್ಜಿ ಬರೆದೆ. ಅವರು ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿಯವರು, "ಹ್ಯಾಂಗೂ ನಿಮ್ಮ ಊರು ಸ್ಥಳಾಂತರ ಆಗೂದೈತಲ್ರಿ, ಆವಾಗ ನೋಡೂಣು" ಎಂದರು.

ಸ್ಥಳಾಂತರದ ಮಾತು ದಶಕಗಳದ್ದು. ಒಂದು ಪೀಳಿಗೆ ಅದನ್ನು ಕೇಳುತ್ತ ಆಡುವ ವಯಸ್ಸು ದಾಟಿತು. ಮನೆಗಳ ಅಳತೆ, ಪರಿಹಾರದ ಮೊತ್ತ, ಪ್ರವಾಸಿಗರ ಗಾಡಿ ನಿಲ್ಲಿಸುವ ಜಾಗ ಎಲ್ಲದರ ಚರ್ಚೆ ಕೇಳಿದ್ದೇನೆ. ಆಟದ ಬಯಲು ಎಂಬ ಶಬ್ದ ಯಾರ ಬಾಯಲ್ಲೂ ಕೇಳಿಲ್ಲ. ಹೊಸ ಊರಿನ ನಕ್ಷೆ ಎಂದಾದರೂ ಬಿಡಿಸುವುದಾದರೆ ಮೊದಲ ಗೆರೆ ಬಯಲಿಗೆ ಎಳೆಯಿರಿ: 22 ಗಜದ ಪಿಚ್ಚು, ಪಕ್ಕದಲ್ಲಿ ನಿಕಾಲಿ ಕುಸ್ತಿಗೆ ಕೆಂಪು ಮಣ್ಣಿನ ಕಣ, ಖೊಖೊ ಆಡುವ ಹೆಣ್ಣುಮಕ್ಕಳಿಗೆ ಒಂದು ಪಟ್ಟಿ, ಒಂದು ನೀರಿನ ನಳ. ರೊಕ್ಕವನ್ನು ನಮ್ಮ ಸೀಮೆಗಳ ಹೆಸರು ಬರೆಸಿಕೊಂಡು ಟಿಕೀಟು, ಅಂಗಿ, ಟೋಪಿ ಮಾರಿದವರ ಕಡೆಯಿಂದ ವಸೂಲು ಮಾಡಿ. ಐನೂರ್ವರು ಕೊಟ್ಟ ಹಾಗೆ, ಹೇರಿಗಿಷ್ಟು ಎಂದು.

ಸದ್ಯಕ್ಕೆ ನಮ್ಮ ಹುಡುಗರು ಜೋಳ ಕೊಯ್ದ ಹೊಲದಲ್ಲಿ ಕೂಳೆ ಕಿತ್ತು, ಕಲ್ಲು ಆರಿಸಿ, ಬೇಸಿಗೆಯ ಮೂರು ತಿಂಗಳು ಆಡುತ್ತಾರೆ. ಹೊಲದ ಒಡೆಯ ಒಳ್ಳೆಯವನು, ಏನೂ ಅನ್ನುವುದಿಲ್ಲ. ಮಳೆ ಬಿದ್ದು ಹರಗಲು ಶುರು ಮಾಡಿದನೆಂದರೆ ಹುಡುಗರು ಸ್ಟಂಪು ಕಿತ್ತುಕೊಂಡು ಮನೆಗೆ ಬರುತ್ತಾರೆ.